ಮೇಲಿನ ಮನೆಯ ವಿಡಿಯೋಗೆ ದನಿಯೇ ಇಲ್ಲ

"ನಿಮ್ಮ ಮದುವಿಗಳೆಲ್ಲಾ ನಮ್ಮ ಟಿವಿಯಾಗ ಬರ್ಲಿಕತ್ತಾವ್ರಿ. ಯಾಕ?"

ಬಾಗಿಲು ತೆರೆದವನು ಅಗಿಯುವುದನ್ನು ನಿಲ್ಲಿಸಿದ. ಕೊರಳಲ್ಲಿ ಹೆಡ್‌ಫೋನು, ಕೈಯಲ್ಲಿ ಅರ್ಧ ತಿಂದ ರೊಟ್ಟಿ.

"ನಂದಿನ್ನೂ ಒಂದೂ ಮದುವಿ ಆಗಿಲ್ರಿ," ಎಂದ.

ಸುಶ್ಮಿತಾಳಿಗೆ ನಗು ಬಂತು. ಆದರೆ ಜಗಳ ಮಾಡಲೆಂದೇ ಮೆಟ್ಟಿಲು ಹತ್ತಿ ಬಂದವಳು ನಕ್ಕರೆ ಹೇಗೆ? ತುಟಿ ಬಿಗಿಹಿಡಿದಳು.

ಶಹಾಬಾದಿನ ಆ ಮನೆ ಅವಳಪ್ಪ ನಾಮದೇವ ಕಟ್ಟಿಸಿದ್ದು. ಅವರಿಗೆ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ. ಕೆಳಗೆ ಅಪ್ಪ, ಅವ್ವ ಅನಸುಬಾಯಿ, ಇವಳು ಆಯಿ ಎಂದು ಕರೆಯುವ ಅಪ್ಪನ ತಾಯಿ ಯಂಕಮ್ಮ ಮತ್ತು ಇವಳು. ಮೇಲಿನ ಎರಡು ಕೋಣೆಗೆ ಎಂಟು ದಿನದ ಹಿಂದಷ್ಟೇ ಬಂದವನು ಈ ರತ್ನದೀಪ. ಸೇಡಂ ತಾಲ್ಲೂಕಿನ ಮುಧೋಳದವನು, ಮದುವೆ ವಿಡಿಯೋ ತೆಗೆಯುವುದು ಅವನ ಕೆಲಸ. ಮೇಲೂ ಕೆಳಗೂ ಸೇರಿ ಇಂಟರ್ನೆಟ್ ಡಬ್ಬಿ ಒಂದೇ.

"ಟಿವಿಯಾಗ ನಿಮ್ಮ ಹೆಸರು ಬಂದದ. ಒತ್ತಿದ್ರ ಒಂದು ಮೂವತ್ತು ಮದುವಿ. ನಮ್ಮಾಯಿ ಮಧ್ಯಾಹ್ನದಿಂದ ಚಿಂಚೋಳಿದು ಯಾವುದೋ ಅರಿಶಿಣ ಕಾರ್ಯ ನೋಡ್ಕೋತ ಕುಂತಾಳ."

ರತ್ನದೀಪ ಹಣೆ ಮುಟ್ಟಿಕೊಂಡ. "ತಪ್ಪಾತ್ರಿ. ನನ್ನ ಟಿವಿಯಾಗ ನೋಡ್ಲಿಕ್ಕಂತ ಕಂಪ್ಯೂಟರಿನಾಗ ಶೇರಿಂಗ್ ಹಚ್ಚಿದ್ದೆ. ಒಂದೇ ವೈಫೈ ಅದಲ್ರಿ, ಮನ್ಯಾಗಿನ ಎಲ್ಲಾ ಟಿವಿಗೂ ಕಾಣಿಸ್ತದ. ಈಗೇ ಬಂದ್ ಮಾಡ್ತೀನಿ."

"ಬಂದ್ ಮಾಡಬ್ಯಾಡ್ರಿ!" ಎಂದಳು ಸುಶ್ಮಿತಾ, ತನಗೇ ಆಶ್ಚರ್ಯವಾಗುವಂತೆ. "ಆಯಿ ನನ್ನ ಬಿಡಂಗಿಲ್ಲ. ನಾ ಬಂದಿದ್ದು ಬ್ಯಾರೆ ಮಾತಿಗಿ. ಅರ್ಧ ಮದುವಿ ಬರ್ತಾವ, ಅರ್ಧಕ್ಕ ಪರದೆ ಕರ್ರಗಾಗ್ತದ. ಈ ಫಾರ್ಮ್ಯಾಟ್ ನಡ್ಯಂಗಿಲ್ಲ ಅಂತದ. ಹಿಂಗ್ಯಾಕ?"

ಹಾಗಾದರೆ ಇವಳು ಜಗಳಕ್ಕೆ ಬಂದಳೋ, ಇನ್ನಷ್ಟು ಮದುವೆ ಕೇಳಲು ಬಂದಳೋ? ಅವನಿಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ತಿಳಿದಿರಲಿಲ್ಲ.

"ವಿಡಿಯೋ ಅಂದ್ರ ಬುತ್ತಿ ಇದ್ದಂಗ್ರಿ," ಎಂದ ಅವನು, ಕೈಯಲ್ಲಿದ್ದ ರೊಟ್ಟಿಯನ್ನೇ ನೋಡುತ್ತ. "ಮ್ಯಾಲಿನ ಡಬ್ಬಿ ತೆರೀಲಿಕ್ಕ ನಿಮ್ಮ ಟಿವಿಗಿ ಬರ್ತದ. ಒಳಗಿನ ಅಡಗಿ ಒಗ್ಗಂಗಿಲ್ಲ. ಹೊಸ ಕ್ಯಾಮೆರಾ ಚಿತ್ರಾನ ಬ್ಯಾರೆ ಥರ ಒತ್ತಿ ತುಂಬ್ತದ, ಹಳೀ ಟಿವಿಗಿ ಅದು ಬಿಚ್ಚಲಿಕ್ಕ ಬರಂಗಿಲ್ಲ. ಆಯಿ ಸಲುವಾಗಿ ನಾ ಒಗ್ಗಿಸಿ ಕೊಡ್ತೀನಿ ಬಿಡ್ರಿ."

ಮರುದಿನವೇ ಟಿವಿಯಲ್ಲಿ 'ಆಯಿಗೆ' ಎಂಬ ಹೊಸ ಫೋಲ್ಡರು ಕಾಣಿಸಿತು. ಅದರಲ್ಲಿದ್ದ ಯಾವ ಮದುವೆಗೂ ಪರದೆ ಕಪ್ಪಾಗಲಿಲ್ಲ.

ಯಂಕಮ್ಮಜ್ಜಿಗೆ ಕಿವಿ ಕೇಳಿಸುವುದಿಲ್ಲ. ಇಪ್ಪತ್ತೆರಡು ವರ್ಷ ಕಲ್ಲು ಪಾಲಿಶ್ ಮಾಡುವ ಮಷೀನಿನ ಮುಂದೆ ನಿಂತು ದುಡಿದು ಕಿವಿಯನ್ನು ಅಲ್ಲೇ ಬಿಟ್ಟು ಬಂದವರು. ಹಾಗಾಗಿ ಟಿವಿಯ ದನಿಯ ಗೊಡವೆ ಅವರಿಗಿಲ್ಲ. ಮದುಮಗಳ ಸೀರೆ, ಬೀಗರ ಮುಖ, ಊಟದ ಸಾಲು... ಅಷ್ಟು ಸಾಕು.

ಆದರೆ ಸುಶ್ಮಿತಾಳಿಗೆ ಯಾಕೆ ಸಾಕಾಗಲಿಲ್ಲ?

ಚಿತ್ತಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಅವಳು ಲ್ಯಾಬ್ ಟೆಕ್ನಿಶಿಯನ್. ದಿನವಿಡೀ ರಕ್ತದ ಸ್ಯಾಂಪಲ್ಲು, ರಿಪೋರ್ಟು. ಸಂಜೆ ಮನೆಗೆ ಬಂದರೆ ಕಾಲು ತಾನಾಗಿ ಮೆಟ್ಟಿಲ ಕಡೆ ತಿರುಗುತ್ತಿತ್ತು. "ಇವತ್ತ ಎಷ್ಟು ಮದುವಿ ಒಗ್ಗಿಸಿದ್ರಿ?" ಎಂದು ಕೇಳುವುದು, "ಎರಡುರಿ" ಎಂದು ಅವನು ಹೇಳುವುದು. ಅಷ್ಟೇ ಮಾತು. ಅಷ್ಟಕ್ಕೆ ರಾತ್ರಿಯ ಊಟ ರುಚಿಯಾಗುತ್ತಿತ್ತು. ಇದಕ್ಕೆ ಏನೆನ್ನಬೇಕು? ಓದುವ ನಿಮಗೆ ಆಗಲೇ ಗೊತ್ತಾಗಿದೆ. ಅವಳಿಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗಲು ವಾಡಿಯಲ್ಲಿ ರೈಲು ಬದಲಿಸಿ ಹತ್ತಿದಾಗ ಎದುರಿನ ಸೀಟಿನಲ್ಲೇ ಅವನಿದ್ದ. ಸೇಡಂನ ಮದುವೆಗೆ ಹೊರಟಿದ್ದ, ಮಡಿಲಲ್ಲಿ ಕ್ಯಾಮೆರಾ ಚೀಲ.

"ಯಾಕ್ ಸುಮ್ಮನ ಕುಂತೀರಿ? ಮಾತಾಡ್ರಿ."

"ಕ್ಯಾಮೆರಾ ಹಿಂದ ನಿಂತ್ರ ಎಲ್ಲಾ ಮಾತು ಬರ್ತಾವ್ರಿ. ಹಿಂಗ ನಿಲ್ರಿ, ಹಂಗ ನಗ್ರಿ ಅಂತೀನಿ. ಯಾರರೆ ಎದುರಿಗಿ ಕುಂತ್ರ ಬಾಯಿ ಕಟ್ತದ."

"ಯಾರ್ ಕುಂತ್ರೂ?"

ಅವನು ಕಿಟಕಿಯಾಚೆ ನೋಡಿದ. "ಎಲ್ಲಾರೂ ಕುಂತ್ರ ಅಲ್ರಿ."

ಹಾಗೆಂದರೆ ಏನು? ಬಿಡಿಸಿ ಕೇಳುವಷ್ಟರಲ್ಲಿ ಚಿತ್ತಾಪುರ ಬಂದುಬಿಟ್ಟಿತು. ಈ ಊರು ಇನ್ನೂ ಒಂದು ತಾಸು ದೂರ ಇರಬಾರದಿತ್ತೇ... ಎಂದುಕೊಳ್ಳುತ್ತ ಅವಳು ಇಳಿದಳು.

ಅದೇ ವಾರ ಸುಲೇಪೇಟದಿಂದ ಸಂಬಂಧ ಬಂತು. ಹುಡುಗ ಸಾಯಿಕುಮಾರ, ಸರ್ಕಾರಿ ಶಾಲೆಯ ಮಾಸ್ತರ. ಒಳ್ಳೆಯ ಮನೆತನ. ಫೋಟೋದಲ್ಲಿ ಹುಡುಗನೂ ಚೆನ್ನಾಗಿಯೇ ಇದ್ದ. ಬೇಡ ಎನ್ನಲು ಒಂದೇ ಒಂದು ಕಾರಣ ಸಿಗದ ಸಂಬಂಧ.

"ನಿನ್ನ ಮನಸ್ಸಿನಾಗ ಏನದ ಶುಕ್ರವಾರ ಹೇಳು," ಎಂದರು ನಾಮದೇವ. "ಹೂಂ ಅಂದ್ರ ಶನಿವಾರ ನಾ ಹೋಗಿ ಮಾತು ಕೊಟ್ಟು ಬರ್ತೀನಿ. ಭಾನುವಾರ ಅವ್ರು ನಿಶ್ಚಯದ ಸಕ್ಕರಿ ತರ್ತಾರ."

ನಾಮದೇವರ ಮನೆತನದಲ್ಲಿ ಮಾತನ್ನು ಫೋನಿನಲ್ಲಿ ಕೊಡುವುದಿಲ್ಲ. ಹಿರಿಯರೇ ಹೋಗಿ ಹುಡುಗನ ಮನೆಯಲ್ಲಿ ಕುಳಿತು, ನೀರು ಕುಡಿದು ಹೇಳಬೇಕು. ಹಾಗೆ ಹೇಳಿದ ಮಾತನ್ನು ನಾಮದೇವ ಇದುವರೆಗೆ ಹಿಂದೆ ತಗೊಂಡವರಲ್ಲ.

ಬುಧವಾರ ಸಂಜೆ ಮೆಟ್ಟಿಲ ಮೇಲೆ ಅವಳು ರತ್ನದೀಪನಿಗೆ ಎಲ್ಲ ಹೇಳಿದಳು. ಹೇಳಿ ಅವನ ಮುಖ ನೋಡಿದಳು. ಬೇಡ ಅನ್ನು... ಏನಾದರೂ ಅನ್ನು... ಎಂದು ಎದೆ ಬಡಿದುಕೊಳ್ಳುತ್ತಿತ್ತು.

ಅವನ ಬಾಯಿ ಎರಡು ಸಲ ತೆರೆದು ಮುಚ್ಚಿತು.

"ಶುಕ್ರವಾರ ಸಂಜಿಕ ಟಿವಿ ನೋಡ್ರಿ," ಎಂದ. "ನಿಮ್ಮ ಹೆಸರಿನ ಮ್ಯಾಲೇ ಒಂದು ಫೋಲ್ಡರ್ ಇಟ್ಟಿರ್ತೀನಿ. ನಾ ಸೇಡಂದಾಗ ಇರ್ತೀನಿ. ಒಬ್ರೇ ಕುಂತು ನೋಡ್ರಿ."

ಶುಕ್ರವಾರ ಅದೃಷ್ಟಕ್ಕೆ ಮನೆ ಖಾಲಿ ಇತ್ತು. ಅಜ್ಜಿ ತೆಂಗಳಿಯ ನೆಂಟರ ಮನೆಗೆ ಹೋಗಿದ್ದರು, ಅಪ್ಪ ಡ್ಯೂಟಿಯಲ್ಲಿ, ಅವ್ವ ಸಂತೆಗೆ. ಸುಶ್ಮಿತಾ ಕೈಕಾಲು ತೊಳೆದು, ಯಾಕೋ ತಲೆಯನ್ನೂ ಬಾಚಿಕೊಂಡು ಟಿವಿಯ ಮುಂದೆ ಕುಳಿತಳು. ಪಟ್ಟಿಯಲ್ಲಿ ತನ್ನ ಹೆಸರು ಕಂಡಿತು.

ಒತ್ತಿದಳು. ಪರದೆಯ ಮೇಲೆ ರತ್ನದೀಪ!

ಅವನು ಯಾವುದೋ ಕಲ್ಯಾಣ ಮಂಟಪದಲ್ಲಿ, ಹೂವಿನ ಅಲಂಕಾರದ ನಡುವೆ, ಮದುಮಗನ ಕುರ್ಚಿಯಲ್ಲಿ ಕುಳಿತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವಳನ್ನೇ ನೋಡುತ್ತಿರುವಂತೆ ನೋಡುತ್ತಿದ್ದ. ತುಟಿ ಅಲುಗಿತು.

ದನಿ ಬರಲಿಲ್ಲ.

ಅಜ್ಜಿ ಸೊನ್ನೆಗೆ ಇಟ್ಟಿರಬೇಕೆಂದು ದನಿ ಏರಿಸಿದಳು. ಇಪ್ಪತ್ತು, ನಲವತ್ತು, ಎಂಬತ್ತು. ಊಹೂಂ. ಟಿವಿಗೆ ಒಗ್ಗದಿದ್ದರೆ ಪರದೆ ಕಪ್ಪಾಗುತ್ತದೆ, ಅವಳಿಗೆ ಗೊತ್ತಿದ್ದುದು ಅಷ್ಟೇ. ಇಲ್ಲಿ ಚಿತ್ರ ಅಚ್ಚುಕಟ್ಟಾಗಿ ಬರುತ್ತಿದೆ. ಹಾಗಾದರೆ ಇವನೇ ದನಿ ತೆಗೆದು ಕಳಿಸಿದನೇ? ಯಾಕೆ? ಮೊದಲ ಎರಡು ಸೆಕೆಂಡು ಪರದೆಯ ಕೆಳತುದಿಯಲ್ಲಿ ಬೂದುಬಣ್ಣದ ಒಂದು ಸಾಲು ಬಂದು ಹೋಗಿತ್ತು. ಅವನ ಕಣ್ಣನ್ನೇ ನೋಡುತ್ತಿದ್ದವಳಿಗೆ ಅದೆಲ್ಲಿ ಕಾಣಬೇಕು!

ಅಷ್ಟರಲ್ಲಿ ಪಕ್ಕದ ಕುರ್ಚಿಗೆ ಒಬ್ಬ ಹುಡುಗಿ ಬಂದು ಕುಳಿತಳು. ಹಸಿರು ಸೀರೆ, ತಲೆತುಂಬ ಮಲ್ಲಿಗೆ, ಕೈತುಂಬ ಮದರಂಗಿ. ಅವನ ಕಡೆ ಬಾಗಿ ಏನೋ ಕೇಳಿದಳು. ಅವನು ನಾಚಿ ತಲೆ ತಗ್ಗಿಸಿದ. ಹುಡುಗಿ ನಕ್ಕು, ತಟ್ಟೆಯಿಂದ ಲಾಡು ಎತ್ತಿ ಅವನ ಬಾಯಿಗಿಟ್ಟಳು.

ಸುಶ್ಮಿತಾ ಟಿವಿ ಆರಿಸಿದಳು.

ಕೋಣೆ ಸುಮ್ಮನಾಯಿತು. ಅಲ್ಲ, ಮೊದಲೂ ಸುಮ್ಮನೇ ಇತ್ತಲ್ಲ... ಹಾಗಾದರೆ ಇಷ್ಟು ಹೊತ್ತು ಕಿವಿಯಲ್ಲಿ ಬಡಿಯುತ್ತಿದ್ದುದು ಏನು?

ನೋಡು, ನನಗೂ ಹುಡುಗಿ ಗೊತ್ತಾಗಿದ್ದಾಳೆ ಎಂದು ತೋರಿಸಲು ಕಳಿಸಿದನೇ? ಎದುರಿಗೆ ಹೇಳಲಾರದೆ? ಆದರೆ ಕಣ್ಣು... ಆ ಕಣ್ಣು ಹಾಗೆ ಹೇಳುತ್ತಿರಲಿಲ್ಲ. ನನ್ನ ಹೆಸರಿನ ಫೋಲ್ಡರಿನಲ್ಲಿ ಇನ್ನೊಬ್ಬಳ ಕೈ ಲಾಡು ಯಾಕೆ? ಫೋನು ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಮತ್ತೆ ಅದೇ.

ಕತ್ತಲಾಗುವ ಹೊತ್ತಿಗೆ ಅವನದೇ ಮೆಸೇಜು ಬಂತು. 'ನೋಡಿದ್ರ್ಯಾ?'

ಅಳು ನುಂಗಿಕೊಂಡು ಬರೆದಳು. 'ನೋಡ್ದೆ. ಇನ್ ಮ್ಯಾಲ ನಮ್ಮ ಟಿವಿಗಿ ಏನೂ ಹಾಕಬ್ಯಾಡ್ರಿ.'

ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ.

ಅಪ್ಪ ಊಟಕ್ಕೆ ಕುಳಿತಾಗ ಅವಳು ಅನ್ನ ಬಡಿಸುತ್ತ, "ನಾಳೆ ಸುಲೇಪೇಟಕ್ಕ ಹೋಗಿ ಬರ್ರಿ," ಎಂದಳು. ನಾಮದೇವ ಮಗಳ ಮುಖ ನೋಡಿದರು. ಹೂಂ ಎಂದ ಹುಡುಗಿಯ ಮುಖ ಹೀಗಿರುತ್ತದೆಯೇ ಎಂದು ಅವರಿಗೂ ಗೊಂದಲ. ಆದರೂ ತುತ್ತು ಕಲೆಸಿದರು.

ಶನಿವಾರ ಬೆಳಿಗ್ಗೆ ಅವರು ಬಿಳಿ ಅಂಗಿ ತೊಟ್ಟು ಹತ್ತು ಗಂಟೆಯ ಬಸ್ಸಿಗೆ ಸಿದ್ಧರಾದರು. ನಾಳೆ ಬರಬೇಕಿದ್ದ ಯಂಕಮ್ಮಜ್ಜಿ ತೆಂಗಳಿಯಲ್ಲಿ ಬೇಸರವಾಗಿ ಇವತ್ತೇ ಬಂದಿಳಿದಿದ್ದರು. ಬಂದವರೇ ರಿಮೋಟು ಹಿಡಿದರು. ಸುಶ್ಮಿತಾ ಅಡುಗೆಮನೆಯಲ್ಲಿ ಅಪ್ಪನ ದಾರಿ ಬುತ್ತಿ ಕಟ್ಟುತ್ತಿದ್ದಳು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

"ಏ ಸುಶೀ! ಈ ಮ್ಯಾಲಿನ ಹುಡುಗ ನಿನ್ನ ಹೆಸರು ಹಿಡದು ಮಾತಾಡ್ಲಿಕತ್ತಾನ ನೋಡು!"

ಕಿವಿ ಕೇಳದವರ ಮಾತು ಯಾವಾಗಲೂ ಎತ್ತರ. ಅಜ್ಜಿಯದಂತೂ ಓಣಿಗೆ ಕೇಳಿಸುತ್ತದೆ. ಸುಶ್ಮಿತಾ ಓಡಿ ಬಂದಳು. ಪರದೆಯ ಮೇಲೆ ಅದೇ ಕುರ್ಚಿ, ಅದೇ ಬಿಳಿ ಅಂಗಿ.

ಅವಳು ಅಜ್ಜಿಯ ಮುಂದೆ ನಿಂತು ನಿಧಾನವಾಗಿ ತುಟಿ ಆಡಿಸಿದಳು. "ಬಂದ್ ಮಾಡು ಆಯಿ. ಅದಕ್ಕ ಸೌಂಡೇ ಇಲ್ಲ."

"ನನಗ ಯಾವಾಗ ಸೌಂಡ್ ಇತ್ತ? ಸರಿ ಆಕಡಿ."

ಸುಶ್ಮಿತಾ ನಿಂತಲ್ಲೇ ನಿಂತಳು. ಪಾಲಿಶ್ ಮಷೀನಿನ ಗದ್ದಲದಲ್ಲಿ ಅಜ್ಜಿಯೂ ಜೊತೆಗೆ ದುಡಿಯುವ ಹೆಂಗಸರೂ ತುಟಿ ನೋಡಿಯೇ ಮಾತಾಡುತ್ತಿದ್ದರು. ಮನೆಯಲ್ಲಿ ಅಜ್ಜಿ ಎಲ್ಲರ ಮಾತು ತಿಳಿಯುವುದೂ ಹಾಗೇ. ಇಷ್ಟು ದಿನ ಅವರು ಬರೀ ಸೀರೆ ನೋಡುತ್ತಿದ್ದಾರೆಂದು ಮನೆಯವರು ತಿಳಿದಿದ್ದರು. ಅವರು ಮೂವತ್ತು ಮದುವೆಯ ಬೀಗರ ಜಗಳವನ್ನೆಲ್ಲ ಓದಿ ಮುಗಿಸಿದ್ದರು!

"ಏನಂತಾನ ಆಯಿ?"

ಅಜ್ಜಿ ವಿಡಿಯೋವನ್ನು ಮೊದಲಿಗೆ ತಿರುಗಿಸಿ, ಟಿವಿಗೆ ಹತ್ತಿರ ಸರಿದರು. ಆಮೇಲೆ ಶಾಲೆಯ ಮಕ್ಕಳು ಪಾಠ ಒಪ್ಪಿಸುವಂತೆ ಗಟ್ಟಿಯಾಗಿ ಶುರು ಮಾಡಿದರು.

"ಸುಶ್ಮಿತಾ... ಇದು ಮೂರನೇ ಸಲ ರೆಕಾರ್ಡ್ ಮಾಡ್ಲಿಕತ್ತೀನಿ. ಲೈಟ್ ನೋಡ್ಲಿಕ್ಕಂತ ಮದುಮಗನ ಕುರ್ಚ್ಯಾಗ ದಿನಾ ಕೂಡ್ತೀನಿ, ಅದು ನಮ್ಮ ಕೆಲಸ. ಇವತ್ತೊಂದಿನ ಎದ್ದೇಳಲಿಕ್ಕ ಮನಸ್ಸಾಗವಲ್ದು..."

ಹೊಸಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ನಾಮದೇವ ತಲೆ ಎತ್ತಿದರು. ಅನಸುಬಾಯಿ ಲಟ್ಟಣಿಗೆ ಹಿಡಿದುಕೊಂಡೇ ಹೊರಬಂದರು.

"ಆಯಿ ಸಲುವಾಗಿ ಮದುವಿ ಒಗ್ಗಿಸ್ತೀನಿ ಅಂದಿದ್ದೆ. ಅದು ಅರ್ಧ ಖರೆ. ಉಳದರ್ಧ... ಎಷ್ಟು ಒಗ್ಗಿಸಿದ್ರಿ ಅಂತ ಕೇಳಲಿಕ್ಕ ನೀವು ಮೆಟ್ಟಲಾ ಹತ್ತಿ ಬರ್ತೀರಂತ."

"ಆಯಿ, ಸಣ್ಣಗ ಹೇಳು," ಎಂದಳು ಸುಶ್ಮಿತಾ. ಅಜ್ಜಿಯ ಕಣ್ಣು ಪರದೆಯ ಮೇಲಿತ್ತು. ಅವಳ ಮಾತು ಅವರಿಗೆಲ್ಲಿ ಕೇಳಿಸಬೇಕು?

"ಈಗ ಮದುಮಗಳು ಬಂದ್ಳು. ಏನಂತಾಳ... ಯಣ್ಣಾ, ಇದು ನನ್ನ ಗಂಡನ ಕುರ್ಚಿ, ಮೆರವಣಿಗಿ ಮುಗಿಸಿ ಬರ್ಲಿಕತ್ತಾನ, ಏಳು. ಯಾರಿಗಿ ಹೇಳ್ಲಿಕತ್ತಿ? ಇಂವ ಅಂತಾನ, ಕೆಳಗಿನ ಮನಿ ಹುಡುಗಿಗಿ. ಹಂಗಾದ್ರ ಬಾಯಿ ಸಿಹಿ ಮಾಡ್ಕೊಂಡು ಹೇಳು, ಆಕಿ ಹೂಂ ಅಂತಾಳ... ಲಾಡು ಕೊಟ್ಳು."

ಸುಶ್ಮಿತಾಳ ಕಣ್ಣಲ್ಲಿ ನೀರು ಬಂತು. ನಗುವೂ ಬಂತು. ಎರಡೂ ಒಟ್ಟಿಗೆ ಬಂದು ಯಾವುದನ್ನು ತಡೆಯಬೇಕೋ ತಿಳಿಯಲಿಲ್ಲ. ಒಂದು ಲಾಡಿಗೆ ಹೆದರಿ ಇನ್ನೊಬ್ಬರ ಮನೆಗೆ ಹೋಗಲು ಹೊರಟಿದ್ದಳಲ್ಲ!

"ಈಗ ಬಾಯಾಗ ಲಾಡು ಅದ. ತಿಳೀವಲ್ದು. ತಡಿ, ನುಂಗಲಿ... ಹಾಂ. ಸುಶ್ಮಿತಾ, ನಿಮಗ ಒಂದೇ ಒಂದು ಮಾತು ಕೇಳ್ತೀನಿ..."

ಪರದೆ ಕಪ್ಪಾಯಿತು. ರತ್ನದೀಪನ ಹೆಸರೇ ಪಟ್ಟಿಯಿಂದ ಮಾಯವಾಯಿತು.

"ಹಾಳಾದ ಟಿವಿ. ಛಲೋ ಹೊತ್ತಿನಾಗ ಹೋತು," ಎಂದು ಅಜ್ಜಿ ರಿಮೋಟಿನ ಬೆನ್ನಿಗೆ ಬಡಿದರು.

ಮೇಲಿನ ಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಸುಶ್ಮಿತಾ ಸೂರು ನೋಡಿದಳು. ಅವನು ಬಂದಿದ್ದಾನೆ! ಬೆಳಗಿನ ರೈಲಿಗೆ ಬಂದಿದ್ದಾನೆ. ತನ್ನ ಎದೆಯ ಮಾತು ಅಜ್ಜಿಯ ಬಾಯಲ್ಲಿ ಓಣಿಗೆಲ್ಲ ಕೇಳುವಂತೆ ಹೊರಟದ್ದು ಕಿಟಕಿಯಿಂದ ಅವನ ಕಿವಿಗೂ ಬಿದ್ದಿದೆ.

ನಾಮದೇವ ಇನ್ನೂ ಹೊಸಿಲಲ್ಲೇ ಇದ್ದರು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲು ಬರಿದು.

"ಅಪ್ಪಾ..."

"ನಿನ್ನೆ ನೀ ಹೂಂ ಅಂದಿದ್ದು ಖರೆ ಹೂಂ ಏನು?"

ಅವಳು ತಲೆಯಾಡಿಸಿದಳು, ಇಲ್ಲವೆಂದು.

"ನನಗೂ ಹಂಗೇ ಅನಿಸಿತ್ತು. ಕ್ಯಾಮೆರಾ ಹಿಡಿಯೋದು ನೌಕರಿ ಅಲ್ಲವ್ವ. ಆ ಮಾತು ಬ್ಯಾರೆ, ಕುಂತು ಮಾತಾಡೋಣ. ಆದ್ರ ಸುಲೇಪೇಟಕ್ಕ ಹೋಗಿ ಸುಳ್ಳು ಮಾತು ಕೊಡಲಿಕ್ಕ ನನ್ನಿಂದ ಆಗಂಗಿಲ್ಲ. ಅರ್ಧ ತಾಸು ಕುಂದರ್ತೀನಿ. ಅಷ್ಟರಾಗ ಬಸ್ ಬಿಡಬೇಕೋ ಹಿಡೀಬೇಕೋ ಹೇಳು."

ಅವಳು ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದೇ ಇತ್ತು. ರತ್ನದೀಪ ಕಂಪ್ಯೂಟರಿನ ಮುಂದೆ ನಿಂತಿದ್ದ, ಕೈಯಲ್ಲಿ ಕಿತ್ತ ವೈರು. ಕಿವಿಯ ತುದಿಯವರೆಗೆ ಕೆಂಪಾಗಿದ್ದ.

"ಇನ್ ಮ್ಯಾಲ ಹಾಕಬ್ಯಾಡ್ರಿ ಅಂದಿದ್ರಿ," ಎಂದ, ನೆಲ ನೋಡುತ್ತ. "ಅಳಿಸಿಬಿಡಬೇಕಂತ ಬಂದೆ. ಅಷ್ಟರಾಗ ಆಯಿ... ನಿಮ್ಮಪ್ಪನೂ ಕೇಳಿದ್ರೇನ್ರಿ?"

"ಓಣಿ ಕೇಳ್ಯದ."

ಅವನು ಕಣ್ಣು ಮುಚ್ಚಿಕೊಂಡ.

"ನನಗ ಕೇಳಿಸಿರಲಿಲ್ಲ," ಎಂದಳು ಸುಶ್ಮಿತಾ. "ನಿನ್ನೆ. ದನಿ ಬರಲೇ ಇಲ್ಲ. ಚಿತ್ರ ಬಂತು, ಲಾಡು ಬಂತು, ದನಿ ಬರಲಿಲ್ಲ."

ಅವನು ಅವಳನ್ನು ನೋಡಿದ. ಕಂಪ್ಯೂಟರ್ ನೋಡಿದ. ಮತ್ತೆ ಅವಳನ್ನು ನೋಡಿದ. ಮುಖದ ಬಣ್ಣ ಒಂದೊಂದಾಗಿ ಬದಲಾಯಿತು.

"ಚಿತ್ರ ಅಷ್ಟೇ ಒಗ್ಗಿಸಿ, ದನಿ ಕ್ಯಾಮೆರಾದಾಗಿಂದು ಹಂಗೇ ಇಟ್ಟಿದ್ದೆ," ಎಂದ ಮೆಲ್ಲಗೆ. "ಅದು ದನೀನ ಬ್ಯಾರೆ ಥರ ತುಂಬ್ತದ. ಚಿತ್ರ ಒಗ್ಗಿದ್ರೂ ದನಿ ಒಗ್ಗಂಗಿಲ್ಲ, ಟಿವಿ ಅದನ್ನ ಕೆಳಗ ಒಂದು ಸಣ್ಣ ಸಾಲಿನಾಗ ಹೇಳಿ ಮುಗಿಸ್ತದ. ಒಗ್ಗಿಸಿದ ಮ್ಯಾಲ ಒಮ್ಮಿ ಪೂರಾ ನೋಡಬೇಕಾಗ್ತದ್ರಿ, ಅದು ನಮ್ಮ ರೂಢಿ. ನೋಡಿದ್ರ... ಅಳಿಸಿಬಿಡ್ತಿದ್ದೆ. ಅದಕ್ಕ ನೋಡದೇ ಇಟ್ಟು ಓಡಿಹೋದೆ."

"ಫೋನಿಗಿ ಕಳಿಸಬೇಕಿಲ್ಲ?"

"ಆಸ್ಪತ್ರ್ಯಾಗ ನಿಂತು ನೋಡಿಬಿಡ್ತೀರಂತ... ಮನ್ಯಾಗ ಕುಂತು ನೋಡ್ಲಿ ಅಂತ ಮಾಡಿದ್ದೆ. ಎಲ್ಲಾರ ಮದುವಿ ಸರಿ ಮಾಡಿ ಕೊಟ್ಟು ನನ್ನ ಮಾತೇ ಹಾಳ್ ಮಾಡ್ಕೊಂಡೆ."

ಅವಳು ಒಳಗೆ ಬಂದು ಅವನ ಕೈಯಿಂದ ವೈರು ತೆಗೆದು ಮೇಜಿನ ಮೇಲಿಟ್ಟಳು. ಇಬ್ಬರ ನಡುವೆ ಈಗ ಏನೂ ಇರಲಿಲ್ಲ.

"ಒಂದು ಮಾತು ಕೇಳ್ತೀನಿ ಅಂದಿದ್ರಿ. ಅಲ್ಲಿಗೇ ಬಂದ್ ಆತು. ಏನದು?"

"ಅದು... ಎದುರಿಗಿ..."

"ಕೇಳ್ರಿ. ಕೆಳಗ ನಮ್ಮಪ್ಪ ಬಸ್ಸಿಗಿ ಕಾಯ್ಲಿಕತ್ತಾನ."

ರತ್ನದೀಪ ಉಸಿರೆಳೆದುಕೊಂಡ. ಅವಳು ಕದಲಲಿಲ್ಲ. ಅವನ ಕಣ್ಣಿನಿಂದ ಕಣ್ಣು ತೆಗೆಯಲೂ ಇಲ್ಲ. ಎರಡು ತಿಂಗಳ ಗೊಂದಲ ಸಾಕಾಗಿತ್ತು ಅವಳಿಗೆ.

"ನೀವು ಸುಲೇಪೇಟಕ್ಕ ಹೋಗಬ್ಯಾಡ್ರಿ," ಎಂದ. ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. "ನನ್ನ ಮದುವಿ ಮಾಡ್ಕೊಳ್ರಿ. ನೌಕರಿ ಇಲ್ಲ ನನಗ, ಕೆಲಸ ಅದ. ಮುಧೋಳದಾಗ ಅವ್ವ ಇದ್ದಾಳ, ನಿಮ್ಮ ಹೆಸರು ಆಕಿಗಿ ಗೊತ್ತದ. ನಿಮ್ಮನ್ನ ಬಿಟ್ಟು ಉಳದವರ ಮದುವಿ ತೆಗೀಕೋತ ಇರ್ಲಿಕ್ಕ ನನ್ನಿಂದ ಆಗಂಗಿಲ್ರಿ."

ಸುಶ್ಮಿತಾ ಕಣ್ಣೊರೆಸಿಕೊಂಡಳು. "ಬಾಯಿ ಕಟ್ತದ ಅಂತಿದ್ರಿ."

"ಈಗೂ ಕಟ್ಟ್ಯದ್ರಿ."

"ಹಂಗೇ ಕೆಳಗ ಬರ್ರಿ. ಅಪ್ಪನ ಮುಂದೂ ಹೇಳ್ರಿ."

"ಏನಂತ ಹೇಳ್ಲಿ? ನೀವಿನ್ನೂ ಏನೂ ಅಂದಿಲ್ಲ."

ಅವಳು ಅವನ ಕೈ ಹಿಡಿದಳು. ತಣ್ಣಗಿತ್ತು ಆ ಕೈ. ಗಟ್ಟಿಯಾಗಿ ಹಿಡಿದಳು.

"ಹೂಂ ಅಂದಾಳ ಅಂತ ಹೇಳ್ರಿ."

"ಖರೆ?"

"ಹೂಂ."